ಬ್ಯಾಕ್ಟೀರಿಯಾ ತಯಾರಿಸುವ ಪ್ಲಾಸ್ಟಿಕ್: ನಮ್ಮ ಪಾರ್ಸೆಲ್ ಕೌಂಟರಿಗೆ ಎಷ್ಟು ಉಪಯೋಗ?



ಬೆಳಿಗ್ಗೆ ಎಂಟು ಗಂಟೆಗೆ ಡೊಂಬಿವಲಿ ಸ್ಟೇಷನ್ ಬದಿಯಲ್ಲಿರುವ ನಮ್ಮವರ ಯಾವುದೇ ಹೋಟೆಲಿನ ಪಾರ್ಸೆಲ್ ಕೌಂಟರಿನ ಮುಂದೆ ಹತ್ತು ನಿಮಿಷ ನಿಂತರೆ ಒಂದು ವಿಷಯ ಗಮನಕ್ಕೆ ಬರುತ್ತದೆ. ಇಡ್ಲಿ, ವಡೆ, ದೋಸೆ ಕಟ್ಟುವುದು ಸಮಸ್ಯೆಯೇ ಅಲ್ಲ. ಕಾಗದವಾದರೂ ಆದೀತು, ಬಾಳೆಲೆಯಾದರೂ ಆದೀತು. ಸಮಸ್ಯೆ ಇರುವುದು ಸಾಂಬಾರ್ ಮತ್ತು ಚಟ್ನಿಯದು. ಲೋಕಲ್ ಗಾಡಿ ಹಿಡಿಯುವ ಅವಸರದಲ್ಲಿರುವ ಗಿರಾಕಿಗೆ ಸೋರದಂತೆ, ಚೆಲ್ಲದಂತೆ, ಒಂದು ನಿಮಿಷದೊಳಗೆ ಕಟ್ಟಿಕೊಡಬೇಕು. ಈ ಕೆಲಸಕ್ಕೆ ಪ್ಲಾಸ್ಟಿಕ್‌ನಷ್ಟು ಅಗ್ಗದ, ಹಗುರದ ವಸ್ತು ಇನ್ನೊಂದಿಲ್ಲ. ದಂಡದ ಭಯ ಇರುವುದೂ ಇದೇ ಕಾರಣಕ್ಕೆ.

ಇಂಥ ಹೊತ್ತಿನಲ್ಲಿ ಕೌಂಟರಿಗೆ ಒಬ್ಬ ಮಾರಾಟಗಾರ ಬರುತ್ತಾನೆ. ಕೈಯಲ್ಲಿ ಚೀಲ, ಡಬ್ಬಿ, ಚಮಚಗಳ ಸ್ಯಾಂಪಲ್. "ಸೇಠ್, ಇದು ಮಾಮೂಲಿ ಪ್ಲಾಸ್ಟಿಕ್ ಅಲ್ಲ, ಬಯೋ ಪ್ಲಾಸ್ಟಿಕ್. ಬ್ಯಾಕ್ಟೀರಿಯಾದಿಂದ ಮಾಡಿದ್ದು. ಮಣ್ಣಿಗೆ ಬಿದ್ದರೆ ಮಣ್ಣಾಗುತ್ತದೆ. ಪಾಲಿಕೆಯವರು ಕೇಳುವುದೇ ಇಲ್ಲ" ಎನ್ನುತ್ತಾನೆ. ರೇಟು ಮಾತ್ರ ಜಾಸ್ತಿ. ಕೊಳ್ಳಬೇಕೋ ಬಿಡಬೇಕೋ? ಅವನು ಹೇಳುವುದರಲ್ಲಿ ನಿಜವೆಷ್ಟು, ಸುಳ್ಳೆಷ್ಟು? ಬ್ಯಾಕ್ಟೀರಿಯಾ ಪ್ಲಾಸ್ಟಿಕ್ ತಯಾರಿಸುವುದು ನಿಜವೇ? ಈ ಲೇಖನದಲ್ಲಿ ಇದನ್ನೇ ಸರಳವಾಗಿ ವಿವರಿಸುವ ಪ್ರಯತ್ನ ಮಾಡಲಾಗಿದೆ.

ನಿಯಮಗಳು ಬಂದ ದಾರಿ

2005ರ ಜುಲೈ 26ನ್ನು ನಮ್ಮಲ್ಲಿ ಯಾರೂ ಮರೆತಿರಲಾರರು. ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಮುಂಬಯಿ ಮಾತ್ರವಲ್ಲ, ಥಾಣೆ, ಕಲ್ಯಾಣ್, ಡೊಂಬಿವಲಿಯ ಅಂಗಡಿ ಹೋಟೆಲುಗಳೂ ನೀರು ಕಂಡವು. ನಾಲೆಗಳು ಕಟ್ಟಿಕೊಳ್ಳಲು ಪ್ಲಾಸ್ಟಿಕ್ ಚೀಲಗಳೂ ಒಂದು ಕಾರಣವೆಂದು ಆಗ ಚರ್ಚೆಯಾಯಿತು. 2006ರಲ್ಲಿ ಮಹಾರಾಷ್ಟ್ರ ಸರಕಾರವು 50 ಮೈಕ್ರಾನ್‌ಗಿಂತ ತೆಳುವಾದ ಚೀಲಗಳನ್ನು ನಿಷೇಧಿಸುವ ನಿಯಮ ತಂದಿತು.

2018ರ ಮಾರ್ಚ್ 23ರ ಅಧಿಸೂಚನೆ ಇದಕ್ಕಿಂತ ಬಹಳ ಕಟುವಾಗಿತ್ತು. ಕೈಚೀಲಗಳ ಜೊತೆಗೆ ಥರ್ಮೊಕೋಲ್ ತಟ್ಟೆ, ಪ್ಲಾಸ್ಟಿಕ್ ಚಮಚ, ಲೋಟ, ಸ್ಟ್ರಾ, ಹೋಟೆಲಿನ ಪಾರ್ಸೆಲ್ ಡಬ್ಬಿ, ದ್ರವ ತುಂಬುವ ಪೌಚ್ ಎಲ್ಲವೂ ಅದರಲ್ಲಿ ಸೇರಿದವು. ಅದೇ ವರ್ಷ ಜೂನ್ 23ರಿಂದ ದಂಡ ವಸೂಲಿ ಆರಂಭವಾಯಿತು. ಮೊದಲ ಸಲಕ್ಕೆ 5,000 ರೂಪಾಯಿ, ಎರಡನೇ ಸಲಕ್ಕೆ 10,000, ಮೂರನೇ ಸಲಕ್ಕೆ 25,000 ಮತ್ತು ಮೂರು ತಿಂಗಳ ಸೆರೆವಾಸದ ಅವಕಾಶ. ಮುಂದೆ ಕೇಂದ್ರ ಸರಕಾರವೂ 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ತಟ್ಟೆ, ಲೋಟ, ಚಮಚ, ಸ್ಟ್ರಾ ಮುಂತಾದವನ್ನು ದೇಶಾದ್ಯಂತ ನಿಷೇಧಿಸಿತು.

ಈ ನಿಯಮಗಳಲ್ಲಿ ಒಂದು ಕಿಂಡಿ ತೆರೆದಿದೆ. 'ಕಾಂಪೋಸ್ಟೇಬಲ್' ಅಂದರೆ ಗೊಬ್ಬರವಾಗಬಲ್ಲ ಪ್ಲಾಸ್ಟಿಕ್‌ಗೆ ಕೇಂದ್ರದ ನಿಯಮದಲ್ಲಿ ವಿನಾಯಿತಿ ಇದೆ. 2022ರ ನವೆಂಬರಿನಲ್ಲಿ ಮಹಾರಾಷ್ಟ್ರ ಸರಕಾರವೂ ಇಂಥ ವಸ್ತುವಿನಿಂದ ಮಾಡಿದ ತಟ್ಟೆ, ಲೋಟ, ಚಮಚ, ಸ್ಟ್ರಾಗಳಿಗೆ ಅವಕಾಶ ಕೊಟ್ಟಿತು. ಆದರೆ ಸಿಪೆಟ್ ಸಂಸ್ಥೆ ಮತ್ತು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಬೇಕೆಂಬ ಶರತ್ತಿನ ಮೇಲೆ. ಮಾರಾಟಗಾರ ಹೇಳುವ 'ಬಯೋ' ಎಂಬ ಮಾತು ಈ ಕಿಂಡಿಯಿಂದ ಒಳಗೆ ಬಂದಿದೆ. ನಿಜವಾದ ಮಾಲೂ ಅದರಿಂದಲೇ ಬರುತ್ತದೆ, ನಕಲಿ ಮಾಲೂ ಅದರಿಂದಲೇ ನುಸುಳುತ್ತದೆ. ಆದುದರಿಂದ ವಿಷಯ ತಿಳಿದಿರುವುದು ನಮ್ಮ ಹಿತಕ್ಕೇ ಒಳ್ಳೆಯದು.

ಹಿಟ್ಟು ಉಬ್ಬಿಸುವ ಬ್ಯಾಕ್ಟೀರಿಯಾ

ಬ್ಯಾಕ್ಟೀರಿಯಾ ಎಂದರೆ ರೋಗ ಎಂದು ಭಾವಿಸುವವರೇ ಹೆಚ್ಚು. ಆದರೆ ನಮ್ಮ ಹೋಟೆಲುಗಳಲ್ಲಿ ರಾತ್ರಿ ಪಾಳಿಯಲ್ಲಿ ಸಂಬಳವಿಲ್ಲದೆ ದುಡಿಯುವುದು ಬ್ಯಾಕ್ಟೀರಿಯಾಗಳೇ. ಉದ್ದು, ಅಕ್ಕಿ ರುಬ್ಬಿ ಇಟ್ಟ ಹಿಟ್ಟು ಬೆಳಗಾಗುವಾಗ ಉಬ್ಬಿ ಹುಳಿಯಾಗಿರುತ್ತದೆ. ಇಡ್ಲಿ ಹಿಟ್ಟನ್ನು ಉಬ್ಬಿಸುವುದು ಮುಖ್ಯವಾಗಿ ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯಾ ಎಂದು 1965ರಲ್ಲೇ ವಿಜ್ಞಾನಿಗಳು ಪ್ರಕಟಿಸಿದ್ದಾರೆ. ಅದು ಹಿಟ್ಟಿನಲ್ಲಿರುವ ಸಕ್ಕರೆಯ ಅಂಶವನ್ನು ತಿಂದು ಗಾಳಿಯನ್ನೂ ಲ್ಯಾಕ್ಟಿಕ್ ಆಮ್ಲವನ್ನೂ ಹೊರಬಿಡುತ್ತದೆ. ಗಾಳಿಯಿಂದ ಹಿಟ್ಟು ಉಬ್ಬುತ್ತದೆ, ಆಮ್ಲದಿಂದ ಹುಳಿ ಬರುತ್ತದೆ. ಹಾಲಿಗೆ ಹೆಪ್ಪು ಹಾಕಿದಾಗ ಮೊಸರಾಗುವುದೂ ಇದೇ ಜಾತಿಯ ಬ್ಯಾಕ್ಟೀರಿಯಾಗಳ ಕೆಲಸ.

ಇದೇ ಲ್ಯಾಕ್ಟಿಕ್ ಆಮ್ಲದಿಂದ ಪ್ಲಾಸ್ಟಿಕ್ ಮಾಡಬಹುದು. ಮೆಕ್ಕೆಜೋಳದ ಪಿಷ್ಟ ಅಥವಾ ಕಬ್ಬಿನ ಸಕ್ಕರೆಯನ್ನು ದೊಡ್ಡ ದೊಡ್ಡ ತೊಟ್ಟಿಗಳಲ್ಲಿ ಬ್ಯಾಕ್ಟೀರಿಯಾಗಳಿಗೆ ಉಣಿಸುತ್ತಾರೆ. ಅವು ಕೊಟ್ಟ ಆಮ್ಲವನ್ನು ಶುದ್ಧಗೊಳಿಸಿ, ಅದರ ಕಣಗಳನ್ನು ಹೂಮಾಲೆ ಪೋಣಿಸಿದಂತೆ ಒಂದಕ್ಕೊಂದು ಜೋಡಿಸುತ್ತಾರೆ. ಹೀಗೆ ಸಿಗುವುದೇ ಪಾಲಿ ಲ್ಯಾಕ್ಟಿಕ್ ಆಸಿಡ್, ಚಿಕ್ಕದಾಗಿ ಪಿಎಲ್‌ಎ. ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ 2002ರಲ್ಲಿ ಇದರ ದೊಡ್ಡ ಕಾರ್ಖಾನೆ ಶುರುವಾಯಿತು. ನಮ್ಮ ಮಹಾರಾಷ್ಟ್ರದಲ್ಲೂ ಪುಣೆಯ ಪ್ರಾಜ್ ಕಂಪನಿಯವರು ಜೆಜುರಿಯಲ್ಲಿ ಇದರ ಪ್ರಾತ್ಯಕ್ಷಿಕೆ ಘಟಕವನ್ನು 2024ರಲ್ಲಿ ತೆರೆದಿದ್ದಾರೆ. ಖಂಡೋಬಾ ದೇವರ ಜೆಜುರಿ ಎಂದು ನಾವೆಲ್ಲ ಬಲ್ಲ ಊರೇ ಅದು.

ಪಿಎಲ್‌ಎ ವಿಷಯದಲ್ಲಿ ಬ್ಯಾಕ್ಟೀರಿಯಾ ಮಾಡುವುದು ಅರ್ಧ ಕೆಲಸ. ಆಮ್ಲ ಮಾಡುವುದು ಅದು, ಪ್ಲಾಸ್ಟಿಕ್ ಮಾಡುವುದು ಕಾರ್ಖಾನೆ. ಆರಂಭದಿಂದ ಕೊನೆಯ ತನಕ ಪೂರ್ತಿ ಪ್ಲಾಸ್ಟಿಕನ್ನು ತಾನೇ ಮಾಡುವ ಬ್ಯಾಕ್ಟೀರಿಯಾ ಬೇರೆಯೇ ಇದೆ.

ಹೊಟ್ಟೆಯಲ್ಲೇ ಪ್ಲಾಸ್ಟಿಕ್ ಕೂಡಿಡುವ ಜಾತಿ

ಊರಲ್ಲಿ ನಮ್ಮ ಹಿರಿಯರು ಮಳೆಗಾಲಕ್ಕೆ ಮೊದಲೇ ಅಕ್ಕಿ ಮುಡಿ ಕಟ್ಟಿ ಅಟ್ಟದಲ್ಲಿಡುತ್ತಿದ್ದರು. ಇರುವಾಗ ಕೂಡಿಟ್ಟು ಇಲ್ಲದಾಗ ಉಣ್ಣುವ ಈ ಬುದ್ಧಿ ಬ್ಯಾಕ್ಟೀರಿಯಾಗಳಿಗೂ ಇದೆ. ಮಣ್ಣಿನಲ್ಲಿ ಬದುಕುವ ಕೆಲವು ಜಾತಿಗಳಿಗೆ ಸಕ್ಕರೆ ಅಥವಾ ಎಣ್ಣೆಯ ಅಂಶ ಧಾರಾಳವಾಗಿ ಸಿಕ್ಕಿ, ಬೆಳೆಯಲು ಬೇಕಾದ ಸಾರಜನಕವೋ ರಂಜಕವೋ ಕಡಿಮೆಯಾದರೆ, ಅವು ಹೆಚ್ಚಾದ ಆಹಾರವನ್ನು ತಮ್ಮ ಮೈಯೊಳಗೆ ಸಣ್ಣ ಸಣ್ಣ ಉಂಡೆಗಳಾಗಿ ಕೂಡಿಡುತ್ತವೆ. ನಮಗೆ ಕೊಬ್ಬು ಇದ್ದಂತೆ ಅವುಗಳಿಗೆ ಈ ಉಂಡೆ. ಈ ಉಂಡೆಯೇ ಒಂದು ಪ್ಲಾಸ್ಟಿಕ್. ಇದರ ಕುಟುಂಬದ ಹೆಸರು ಪಾಲಿ ಹೈಡ್ರಾಕ್ಸಿ ಆಲ್ಕನೋಯೇಟ್, ಚಿಕ್ಕದಾಗಿ ಪಿಎಚ್‌ಎ. ಕುಟುಂಬದ ಹಿರಿಯ ಸದಸ್ಯ ಪಿಎಚ್‌ಬಿ.

ಇದನ್ನು ಮೊದಲು ಗುರುತಿಸಿದವರು ಪ್ಯಾರಿಸ್ಸಿನ ಪಾಸ್ಟರ್ ಸಂಸ್ಥೆಯ ವಿಜ್ಞಾನಿ ಮಾರಿಸ್ ಲೆಮ್ವಾನ್ಯ್, 1920ರ ದಶಕದ ಮಧ್ಯದಲ್ಲಿ. ಅಂದರೆ ಇದಕ್ಕೆ ಸುಮಾರು ನೂರು ವರ್ಷ. ಸ್ವಾರಸ್ಯವೆಂದರೆ, ನಮ್ಮ ಪಾಲಿಥಿನ್ ಚೀಲದ ಪಾಲಿಥಿನ್ ಇದಕ್ಕಿಂತ ಚಿಕ್ಕದು. ಅದನ್ನು ಇಂಗ್ಲೆಂಡಿನ ಐಸಿಐ ಕಂಪನಿಯವರು ಕಂಡುಹಿಡಿದದ್ದು 1933ರಲ್ಲಿ. ಪೆಟ್ರೋಲಿಯಂ ಅಗ್ಗವಾಗಿತ್ತು, ಪಾಲಿಥಿನ್ ಗೆದ್ದಿತು, ಬ್ಯಾಕ್ಟೀರಿಯಾದ ಪ್ಲಾಸ್ಟಿಕ್ ಪುಸ್ತಕದಲ್ಲೇ ಉಳಿಯಿತು. 1973ರಲ್ಲಿ ತೈಲದ ಬೆಲೆ ಏರಿದಾಗ ಅದೇ ಐಸಿಐ ಕಂಪನಿ ಹಳೆಯ ಪುಸ್ತಕ ತೆರೆದು, 'ಬಯೋಪಾಲ್' ಎಂಬ ಹೆಸರಿನಲ್ಲಿ ಬ್ಯಾಕ್ಟೀರಿಯಾದ ಪ್ಲಾಸ್ಟಿಕ್ ತಯಾರಿಗೆ ಇಳಿಯಿತು. 1990ರಲ್ಲಿ ಜರ್ಮನಿಯಲ್ಲಿ ವೆಲ್ಲಾ ಕಂಪನಿಯ ಶಾಂಪೂ ಬಾಟಲಿ ಇದರಿಂದ ತಯಾರಾಗಿ ಅಂಗಡಿಗೆ ಬಂತು. ಆದರೆ ಬೆಲೆ ಕೈಗೆಟುಕಲಿಲ್ಲ. ವ್ಯವಹಾರ ಕೈಯಿಂದ ಕೈಗೆ ಬದಲಾಯಿತು.

ತಯಾರಿಸುವ ಕ್ರಮ ಹೀಗಿದೆ. ಮೊದಲು ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳಿಗೆ ಸಮತೋಲನದ ಊಟ ಕೊಟ್ಟು ಸಂಖ್ಯೆ ಹೆಚ್ಚಿಸುತ್ತಾರೆ. ನಂತರ ಸಾರಜನಕ ಕಡಿಮೆ ಮಾಡಿ ಸಕ್ಕರೆ ಅಥವಾ ಎಣ್ಣೆ ಮಾತ್ರ ಕೊಡುತ್ತಾರೆ. ಆಗ ಅವು ದಪ್ಪಗಾಗುತ್ತವೆ. ಕುಪ್ರಿಯಾವಿಡಸ್ ನೆಕೇಟರ್ ಎಂಬ ಜಾತಿಯಲ್ಲಿ ಒಣಗಿದ ತೂಕದ ಶೇಕಡಾ 80ಕ್ಕೂ ಹೆಚ್ಚು ಪ್ಲಾಸ್ಟಿಕ್ ತುಂಬಿರುವುದುಂಟು. ಆಮೇಲೆ ಜೀವಕೋಶವನ್ನು ಒಡೆದು, ಉಂಡೆಗಳನ್ನು ಬೇರ್ಪಡಿಸಿ, ತೊಳೆದು, ಒಣಗಿಸಿದರೆ ಬಿಳಿ ಪುಡಿ. ಅದನ್ನು ಕರಗಿಸಿ ಕಾಳು ಮಾಡಿ ಚಮಚ, ಸ್ಟ್ರಾ, ಡಬ್ಬಿ ಎರಕ ಹೊಯ್ಯುತ್ತಾರೆ. ಹೆಚ್ಚು ಖರ್ಚು ತಗಲುವುದು ಎರಡು ಕಡೆ: ಬ್ಯಾಕ್ಟೀರಿಯಾದ ಊಟಕ್ಕೆ ಮತ್ತು ಕೋಶ ಒಡೆದು ಉಂಡೆ ತೆಗೆಯುವುದಕ್ಕೆ.

ಮೈಸೂರಿನ ಕೆಲಸ

ಈ ಎರಡು ಖರ್ಚುಗಳನ್ನು ಇಳಿಸುವ ಬಗ್ಗೆ ನಮ್ಮ ಕರ್ನಾಟಕದಲ್ಲೇ ಒಳ್ಳೆಯ ಕೆಲಸ ನಡೆದಿದೆ ಎಂಬುದು ಹೆಮ್ಮೆಯ ವಿಷಯ. 1950ರಲ್ಲಿ ಸ್ಥಾಪನೆಯಾದ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯನ್ನು, ಅಂದರೆ ಸಿಎಫ್‌ಟಿಆರ್‌ಐಯನ್ನು, ನಮ್ಮ ಉದ್ಯಮದವರು ಬಲ್ಲರು. ಅಲ್ಲಿನ ಸೂಕ್ಷ್ಮಜೀವಿ ವಿಭಾಗದ ವಿಜ್ಞಾನಿಗಳು 2000ದ ದಶಕದಲ್ಲಿ ಪಿಎಚ್‌ಎ ಕುರಿತು ಹಲವು ಪ್ರಬಂಧಗಳನ್ನು ಪ್ರಕಟಿಸಿದರು. ಅವರು ಬಳಸಿದ ಬ್ಯಾಕ್ಟೀರಿಯಾಗಳಲ್ಲಿ ಒಂದು ಸೈನೋರೈಜೋಬಿಯಂ. ನಾವು ದೋಸೆ ಹಿಟ್ಟಿಗೆ ಹಾಕುವ ಮೆಂತ್ಯದ ಗಿಡದ ಬೇರಿನಲ್ಲಿ ಗಂಟು ಕಟ್ಟಿಕೊಂಡು ಬಾಳುವ ಬ್ಯಾಕ್ಟೀರಿಯಾ ಇದೇ. ಕೋಶ ಒಡೆಯಲು ದುಬಾರಿ ರಾಸಾಯನಿಕದ ಬದಲು ಇನ್ನೊಂದು ಸೂಕ್ಷ್ಮಜೀವಿಯ ಕಿಣ್ವವನ್ನೇ ಬಳಸುವ ವಿಧಾನವನ್ನು ಅವರು 2006ರಲ್ಲಿ ವರದಿ ಮಾಡಿದರು. ಮುಂದೆ ಅಕ್ಕಿ ತೌಡು, ಗೋಧಿ ತೌಡಿನಂಥ ಅಗ್ಗದ ವಸ್ತುಗಳ ಮೇಲೆ ಬ್ಯಾಸಿಲಸ್ ಜಾತಿಯನ್ನು ಬೆಳೆಸಿ, ಪ್ಲಾಸ್ಟಿಕ್ ಜೊತೆಗೆ ಅಮೈಲೇಸ್ ಎಂಬ ಬೆಲೆಬಾಳುವ ಕಿಣ್ವವನ್ನೂ ಒಂದೇ ತೊಟ್ಟಿಯಿಂದ ಪಡೆದು ತೋರಿಸಿದರು.

ಮಹಾರಾಷ್ಟ್ರದಲ್ಲಿ ನಾಗಪುರದ ನೀರಿ ಸಂಸ್ಥೆಯವರು ಡಿಸ್ಟಿಲರಿ ಮತ್ತು ಆಹಾರ ಕಾರ್ಖಾನೆಗಳ ಕೊಳಚೆ ನೀರಿನಲ್ಲಿ, ಶುದ್ಧೀಕರಣ ಘಟಕದ ಕೆಸರಿನ ಬ್ಯಾಕ್ಟೀರಿಯಾಗಳಿಂದಲೇ ಪಿಎಚ್‌ಬಿ ಮಾಡಿಸಿದ್ದನ್ನು 2007ರಲ್ಲಿ ಪ್ರಕಟಿಸಿದ್ದಾರೆ. ಕೊಳಚೆಯೂ ಶುದ್ಧವಾಗುತ್ತದೆ, ಪ್ಲಾಸ್ಟಿಕ್ಕೂ ಸಿಗುತ್ತದೆ. ಇವೆಲ್ಲ ಪ್ರಯೋಗಾಲಯದ ಮಟ್ಟದ ಕೆಲಸಗಳು. ಆದರೆ ತಿರುಳು ಒಂದೇ: ಬ್ಯಾಕ್ಟೀರಿಯಾಕ್ಕೆ ಹೊಸ ಸಕ್ಕರೆಯೇ ಬೇಕೆಂದಿಲ್ಲ, ನಾವು ಚೆಲ್ಲುವುದೂ ನಡೆಯುತ್ತದೆ.

ನಮ್ಮ ಬಾಣಲೆಯ ಹಳೆ ಎಣ್ಣೆ

ವಡೆ, ಬೋಂಡ, ಪೂರಿ ಕರಿದ ಎಣ್ಣೆಯ ಕುರಿತು ನಮಗೆಲ್ಲ ಗೊತ್ತಿದೆ. ಎಫ್‌ಎಸ್‌ಎಸ್‌ಎಐ ನಿಯಮದಂತೆ 2018ರ ಜುಲೈ 1ರಿಂದ ಎಣ್ಣೆಯಲ್ಲಿ 'ಟೋಟಲ್ ಪೋಲಾರ್ ಕಂಪೌಂಡ್' ಶೇಕಡಾ 25 ದಾಟಿದರೆ ಅದನ್ನು ಅಡುಗೆಗೆ ಬಳಸುವಂತಿಲ್ಲ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವವರು ಲೆಕ್ಕ ಇಡಬೇಕು. ಹಳೆ ಎಣ್ಣೆಯನ್ನು ಬಯೋಡೀಸೆಲ್‌ಗೆ ಕೊಡುವ 'ರುಕೋ' ಯೋಜನೆಯೂ 2018ರಲ್ಲೇ ಬಂತು.

ಇದೇ ಹಳೆ ಎಣ್ಣೆ ಪಿಎಚ್‌ಎ ಮಾಡುವ ಬ್ಯಾಕ್ಟೀರಿಯಾಗಳಿಗೆ ಮೃಷ್ಟಾನ್ನ. ಒಂದು ಕಿಲೋ ಸಕ್ಕರೆಯಿಂದ ಅರ್ಧ ಕಿಲೋಗಿಂತ ಕಡಿಮೆ ಪ್ಲಾಸ್ಟಿಕ್ ಸಿಕ್ಕಿದರೆ, ಒಂದು ಕಿಲೋ ಎಣ್ಣೆಯಿಂದ ಅರ್ಧ ಕಿಲೋಗಿಂತ ಹೆಚ್ಚು, ಒಳ್ಳೆಯ ಸ್ಥಿತಿಯಲ್ಲಿ ಮುಕ್ಕಾಲು ಕಿಲೋದವರೆಗೂ ಸಿಗುತ್ತದೆ. ಎಣ್ಣೆಯಲ್ಲಿ ಇಂಗಾಲದ ಅಂಶ ಹೆಚ್ಚಿರುವುದೇ ಇದಕ್ಕೆ ಕಾರಣ. ಜೆಕ್ ದೇಶದ ಬ್ರನೊ ತಾಂತ್ರಿಕ ವಿಶ್ವವಿದ್ಯಾಲಯದಿಂದ ಬಂದ 'ಹೈಡಾಲ್' ಎಂಬ ವಿಧಾನದಲ್ಲಿ ಕರಿದ ಎಣ್ಣೆಯೇ ಕಚ್ಚಾ ಮಾಲು. ನಾಳೆ ನಮ್ಮ ಕಡೆಯೂ ಇಂಥ ಕಾರ್ಖಾನೆ ಬಂದರೆ ನಾವು ಬರೇ ಗಿರಾಕಿಗಳಲ್ಲ, ಕಚ್ಚಾ ಮಾಲು ಒದಗಿಸುವವರೂ ಆಗುತ್ತೇವೆ. ಅದಕ್ಕಾಗಿಯಾದರೂ ಹಳೆ ಎಣ್ಣೆಯನ್ನು ನೀರು, ಮಸಾಲೆ ಸೇರದಂತೆ ಡಬ್ಬದಲ್ಲಿ ಬೇರೆ ಇಟ್ಟು, ಲೆಕ್ಕ ಬರೆದಿಡುವ ಅಭ್ಯಾಸ ಒಳ್ಳೆಯದು.

ಹಾಗಾದರೆ ಇದು ಇನ್ನೂ ಎಲ್ಲೆಡೆ ಯಾಕೆ ಬಂದಿಲ್ಲ? ಬೆಲೆಯೇ ಕಾರಣ. ಪಿಎಚ್‌ಎ ಈಗಲೂ ಮಾಮೂಲಿ ಪ್ಲಾಸ್ಟಿಕ್‌ಗಿಂತ ಕೆಲವು ಪಟ್ಟು ದುಬಾರಿ. ಪಿಎಚ್‌ಎ ಸ್ಟ್ರಾಗಳಿಂದ ಹೆಸರು ಮಾಡಿದ್ದ ಅಮೆರಿಕದ ಡ್ಯಾನಿಮರ್ ಕಂಪನಿ 2025ರಲ್ಲಿ ದಿವಾಳಿ ಅರ್ಜಿ ಹಾಕಬೇಕಾಯಿತು. ಅದೇ ವರ್ಷ ಜಪಾನಿನಲ್ಲಿ ಸ್ಟಾರ್‌ಬಕ್ಸ್ ಅಂಗಡಿಗಳು ಕನೆಕಾ ಕಂಪನಿಯ ಬ್ಯಾಕ್ಟೀರಿಯಾ ಪ್ಲಾಸ್ಟಿಕ್ಕಿನ ಸ್ಟ್ರಾಗಳಿಗೆ ಬದಲಾದವು. ಒಂದು ಕಡೆ ಸೋಲು, ಇನ್ನೊಂದು ಕಡೆ ಗೆಲುವು. ಉದ್ಯಮ ಇನ್ನೂ ಎಳೆಯದು.

'ಬಯೋ' ಎಂದದ್ದೆಲ್ಲ ಒಂದೇ ಅಲ್ಲ

ಮಾರಾಟಗಾರನ ಚೀಲದೊಳಗೆ ಸಾಮಾನ್ಯವಾಗಿ ನಾಲ್ಕು ಬಗೆಯ ಮಾಲು ಇರುತ್ತದೆ. ನಾಲ್ಕಕ್ಕೂ ಅವನು ಒಂದೇ ಹೆಸರು ಹೇಳುತ್ತಾನೆ.

1. ಪಿಎಲ್‌ಎ: ಲ್ಯಾಕ್ಟಿಕ್ ಆಮ್ಲದಿಂದ ಮಾಡಿದ್ದು. ಗಾಜಿನಂತೆ ಹೊಳೆಯುವ ಲೋಟ, ಮುಚ್ಚಳ, ಡಬ್ಬಿಗಳು ಹೆಚ್ಚಾಗಿ ಇದರಿಂದ. ಕಾಗದದ ಲೋಟದ ಒಳಪದರಕ್ಕೂ ಬಳಸುವುದುಂಟು.

2. ಪಿಎಚ್‌ಎ: ಬ್ಯಾಕ್ಟೀರಿಯಾ ತನ್ನ ಮೈಯಲ್ಲೇ ಮಾಡಿದ್ದು. ನಮ್ಮ ಮಾರುಕಟ್ಟೆಯಲ್ಲಿ ಇನ್ನೂ ಅಪರೂಪ. ಯಾರಾದರೂ ಅಗ್ಗಕ್ಕೆ ಕೊಡುತ್ತೇನೆಂದರೆ ಸಂಶಯ ಪಡುವುದು ಲೇಸು.

3. ಪಿಬಿಎಟಿ ಮಿಶ್ರಣ: ಮೆತ್ತಗಿನ ಕಾಂಪೋಸ್ಟೇಬಲ್ ಚೀಲಗಳು ಹೆಚ್ಚಾಗಿ ಇದರವು. ಪಿಬಿಎಟಿ ಪೆಟ್ರೋಲಿಯಂನಿಂದಲೇ ಬರುತ್ತದೆ, ಜೊತೆಗೆ ಪಿಷ್ಟವನ್ನೋ ಪಿಎಲ್‌ಎಯನ್ನೋ ಬೆರೆಸುತ್ತಾರೆ. 'ಜೋಳದ ಚೀಲ' ಎಂದು ಮಾರುವುದು ಇದನ್ನೇ. ಪೆಟ್ರೋಲಿಯಂನಿಂದ ಬಂದರೂ ಇದನ್ನು ಬ್ಯಾಕ್ಟೀರಿಯಾ ತಿನ್ನಬಲ್ಲದು. ಪ್ರಮಾಣಪತ್ರವಿದ್ದರೆ ನಿಯಮಕ್ಕೂ ಸರಿ.

4. ಆಕ್ಸೊ ಪ್ಲಾಸ್ಟಿಕ್: ಇದು ಮೋಸದ ಮಾಲು. ಮಾಮೂಲಿ ಪಾಲಿಥಿನ್‌ಗೆ ಕೋಬಾಲ್ಟ್, ಮ್ಯಾಂಗನೀಸ್ ಮುಂತಾದವುಗಳ ಲವಣ ಸೇರಿಸುತ್ತಾರೆ. ಬಿಸಿಲಿಗೆ ಅದು ಪುಡಿಪುಡಿಯಾಗುತ್ತದೆ. ಕಣ್ಣಿಗೆ ಕಾಣದಾಗುತ್ತದೆಯೇ ಹೊರತು ಮಣ್ಣಾಗುವುದಿಲ್ಲ. ಯುರೋಪ್ ಒಕ್ಕೂಟವು 2021ರಲ್ಲಿ ಇದನ್ನು ನಿಷೇಧಿಸಿದೆ. ಚೀಲದ ಮೇಲೆ ಹಸಿರು ಎಲೆಯ ಚಿತ್ರ, 'ಬಯೋಡಿಗ್ರೇಡೇಬಲ್' ಎಂಬ ದೊಡ್ಡ ಅಕ್ಷರ ಮಾತ್ರ ಇದ್ದು ಬೇರೇನೂ ಇಲ್ಲದಿದ್ದರೆ ಇದಾಗಿರುವ ಸಾಧ್ಯತೆ ಇದೆ.

ಬಿಸಿ ಸಾಂಬಾರಿನ ಪರೀಕ್ಷೆ

ಹೋಟೆಲಿನವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಮಾಮೂಲಿ ಪಿಎಲ್‌ಎ 55ರಿಂದ 60 ಡಿಗ್ರಿ ಸೆಲ್ಸಿಯಸ್‌ನಲ್ಲೇ ಮೆತ್ತಗಾಗತೊಡಗುತ್ತದೆ. ನಮ್ಮ ಸಾಂಬಾರ್, ಕಾಫಿ, ಚಹಾ ಇದಕ್ಕಿಂತ ಎಷ್ಟೋ ಬಿಸಿ ಇರುತ್ತವೆ. ಹೊಳೆಯುವ ಪಿಎಲ್‌ಎ ಡಬ್ಬಿಗೆ ಕುದಿಯುವ ಸಾಂಬಾರ್ ಹೊಯ್ದರೆ ಡಬ್ಬಿ ಸೊಟ್ಟಗಾಗಿ, ಮುಚ್ಚಳ ಬಿಟ್ಟು, ಗಿರಾಕಿಯ ಬ್ಯಾಗಿನೊಳಗೆ ಸೋರುತ್ತದೆ. ಕಬ್ಬಿನ ಹಾಲು, ಮಜ್ಜಿಗೆ, ಮೊಸರು, ತಣ್ಣಗಿನ ಚಟ್ನಿಗೆ ಅದೇ ಡಬ್ಬಿ ಚೆನ್ನಾಗಿ ನಡೆಯುತ್ತದೆ. ಸಿಪಿಎಲ್‌ಎ ಎಂಬ ಹದಗೊಳಿಸಿದ ಬಗೆ ಇನ್ನೂ ಸ್ವಲ್ಪ ಹೆಚ್ಚು ಬಿಸಿ ತಡೆಯುತ್ತದೆ. ಚಮಚ, ಮುಚ್ಚಳಗಳಿಗೆ ಅದನ್ನು ಬಳಸುತ್ತಾರೆ.

ಪಿಎಚ್‌ಬಿ ಇದಕ್ಕೆ ವ್ಯತಿರಿಕ್ತ. ಅದು ಕರಗುವುದು 175 ಡಿಗ್ರಿ ಆಸುಪಾಸಿನಲ್ಲಿ, ಆದುದರಿಂದ ಬಿಸಿ ಸಾಂಬಾರಿಗೆ ಹೆದರುವುದಿಲ್ಲ. ಆದರೆ ಗಡುಸು, ಬೇಗ ಮುರಿಯುತ್ತದೆ. ಅದಕ್ಕೇ ಅದೇ ಕುಟುಂಬದ ಮೆತ್ತಗಿನ ಜಾತಿಗಳನ್ನು ಬ್ಯಾಕ್ಟೀರಿಯಾದಿಂದ ಮಾಡಿಸಿ ಬಳಸುತ್ತಾರೆ.

ಯಾವುದೇ ಮಾಲು ಬಂದರೂ ದೊಡ್ಡ ಆರ್ಡರ್ ಕೊಡುವ ಮುನ್ನ ಎರಡು ಪರೀಕ್ಷೆ ನಮ್ಮ ಅಡುಗೆಮನೆಯಲ್ಲೇ ಮಾಡಬಹುದು. ಒಂದು, ಬಿಸಿ ಸಾಂಬಾರ್ ತುಂಬಿ ಮುಚ್ಚಿ ಅರ್ಧ ಗಂಟೆ ಬಿಟ್ಟು ನೋಡುವುದು. ಎರಡು, ಚೀಲದ ಒಂದು ತುಂಡು ಕತ್ತರಿಸಿ, ಗಾಳಿಗುಳ್ಳೆ ಹೋಗುವಂತೆ ಒದ್ದೆ ಕೈಯಲ್ಲಿ ಉಜ್ಜಿ, ನೀರಿನ ಪಾತ್ರೆಯಲ್ಲಿ ಮುಳುಗಿಸಿ ಬಿಡುವುದು. ಪಾಲಿಥಿನ್ ನೀರಿಗಿಂತ ಹಗುರ, ತೇಲುತ್ತದೆ. ಪಿಎಲ್‌ಎ, ಪಿಎಚ್‌ಎ, ಪಿಬಿಎಟಿ ನೀರಿಗಿಂತ ಭಾರ, ಮುಳುಗುತ್ತವೆ. ತೇಲಿತೆಂದರೆ 'ಬಯೋ ಚೀಲ' ಎಂಬ ಮಾತನ್ನು ನಂಬಬೇಕಾಗಿಲ್ಲ. ಆದರೆ ಮುಳುಗಿದ ಮಾತ್ರಕ್ಕೆ ಅಸಲಿ ಎಂದೂ ಅಲ್ಲ. ಸುಣ್ಣದ ಪುಡಿ ಬೆರೆಸಿದ ಪಾಲಿಥಿನ್ ಕೂಡ ಮುಳುಗಬಹುದು. ಕೊನೆಯ ಮಾತು ಪ್ರಮಾಣಪತ್ರದ್ದೇ.

ಮಣ್ಣಾಗುವುದು ಎಲ್ಲಿ?

ಇನ್ನೊಂದು ತಪ್ಪು ಕಲ್ಪನೆ ದೂರ ಮಾಡಬೇಕು. 'ಕಾಂಪೋಸ್ಟೇಬಲ್' ಎಂದರೆ ನಾಲೆಯಲ್ಲಿ ಬಿಸಾಡಿದರೆ ಮಾಯವಾಗುತ್ತದೆ ಎಂದಲ್ಲ. ಐಎಸ್ 17088 ಎಂಬ ಮಾನದಂಡದಂತೆ ಪರೀಕ್ಷೆ ನಡೆಯುವುದು ಸುಮಾರು 58 ಡಿಗ್ರಿ ಬಿಸಿಯ ಗೊಬ್ಬರದ ರಾಶಿಯಲ್ಲಿ. ಅಲ್ಲಿ 180 ದಿನದೊಳಗೆ ಶೇಕಡಾ 90ರಷ್ಟು ಇಂಗಾಲ ಅನಿಲವಾಗಿ ಹೋಗಬೇಕು. ಇಷ್ಟು ಬಿಸಿ ಸಿಗುವುದು ದೊಡ್ಡ ಗೊಬ್ಬರ ಘಟಕಗಳಲ್ಲಿ. ಹೋಟೆಲಿನ ಹಿತ್ತಿಲಿನ ಡ್ರಮ್ಮಿನಲ್ಲಿ ಅಥವಾ ಥಾಣೆ ಖಾಡಿಯ ಕೆಸರಿನಲ್ಲಿ ಪಿಎಲ್‌ಎ ಬಹಳ ಕಾಲ ಹಾಗೆಯೇ ಬಿದ್ದಿರುತ್ತದೆ. ಫ್ಲೆಮಿಂಗೊ ಹಕ್ಕಿಗಳು ಬರುವ ಆ ಖಾಡಿ 2022ರಿಂದ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಯಲ್ಲಿದೆ. ನಮ್ಮ ನಾಲೆಗಳು ಸೇರುವುದೂ ಅಲ್ಲಿಗೇ.

ಪಿಎಚ್‌ಎಯ ಹೆಚ್ಚುಗಾರಿಕೆ ಇಲ್ಲಿದೆ. ಬ್ಯಾಕ್ಟೀರಿಯಾ ಕೂಡಿಟ್ಟ ಆಹಾರವಾದ್ದರಿಂದ ಅದನ್ನು ತಿನ್ನಲು ಬಲ್ಲ ಬ್ಯಾಕ್ಟೀರಿಯಾ ಮಣ್ಣಿನಲ್ಲೂ ಇದೆ, ಸಮುದ್ರದಲ್ಲೂ ಇದೆ. ತೆಳುವಾದದ್ದು ಕೆಲವು ತಿಂಗಳಲ್ಲಿ, ದಪ್ಪನೆಯದು ವರ್ಷಗಟ್ಟಲೆಯಲ್ಲಿ ಜೀರ್ಣವಾಗುತ್ತದೆ. ಗಾಳಿ ಇಲ್ಲದ ಜೈವಿಕ ಅನಿಲ ಘಟಕಕ್ಕೆ ಹೋದರೆ ಮೀಥೇನ್ ಅನಿಲವಾಗಿ ಒಲೆಗೆ ಬರುತ್ತದೆ. ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರ ರೂಪಿಸಿದ 'ನಿಸರ್ಗಋಣ' ಘಟಕಗಳು ಹಸಿಕಸದಿಂದ ಅನಿಲ ಮಾಡುವುದು ನಮಗೆ ತಿಳಿದ ವಿಷಯ. ಆದರೆ ಅಲ್ಲಿಗೆ ಈಗಿನ ಚೀಲ, ಡಬ್ಬಿಗಳನ್ನು ಹಾಕಬಾರದು. ಪಿಎಲ್‌ಎ ಅಲ್ಲಿ ಸುಲಭವಾಗಿ ಜೀರ್ಣವಾಗುವುದಿಲ್ಲ, ಯಂತ್ರಕ್ಕೂ ಸಿಕ್ಕಿಕೊಳ್ಳುತ್ತದೆ.

ಕಲ್ಯಾಣದ ಆಧಾರವಾಡಿ ಕಸದ ಗುಡ್ಡವನ್ನು 2021ರಲ್ಲಿ, ಥಾಣೆಯ ದಿವಾ ಕಸದ ಮೈದಾನವನ್ನು 2023ರಲ್ಲಿ ಮುಚ್ಚಲಾಯಿತು. ಕಸ ಸುರಿಯುವ ಜಾಗ ಕಡಿಮೆಯಾಗುತ್ತಿದೆ, ವಿಂಗಡಣೆ ಕಡ್ಡಾಯವಾಗುತ್ತಿದೆ. ಕಾಂಪೋಸ್ಟೇಬಲ್ ಡಬ್ಬಿಯನ್ನು ಒಣಕಸಕ್ಕೆ ಹಾಕಿದರೆ ಮರುಬಳಕೆಯ ಪ್ಲಾಸ್ಟಿಕ್ ಕೆಡುತ್ತದೆ, ಹಸಿಕಸಕ್ಕೆ ಹಾಕಿದರೆ ಗೊಬ್ಬರ ಘಟಕದವರು ಒಪ್ಪಬೇಕು. ನಮ್ಮ ಕಸ ಒಯ್ಯುವವರ ಹತ್ತಿರ ಒಮ್ಮೆ ಕೇಳಿ ತಿಳಿದುಕೊಳ್ಳದಿದ್ದರೆ ಹೆಚ್ಚು ಹಣ ಕೊಟ್ಟು ತಂದ ಮಾಲು ಹಳೆಯ ಪ್ಲಾಸ್ಟಿಕ್ ಜೊತೆಗೇ ಗುಡ್ಡ ಸೇರುತ್ತದೆ.

ಕೊಳ್ಳುವಾಗ ಗಮನಿಸಿ

* ಚೀಲ ಅಥವಾ ಡಬ್ಬಿಯ ಮೇಲೆ 'ಕಾಂಪೋಸ್ಟೇಬಲ್' ಎಂಬ ಶಬ್ದ, ಐಎಸ್ 17088 ಎಂಬ ಗುರುತು, ತಯಾರಕರ ಹೆಸರು, ಪ್ರಮಾಣಪತ್ರದ ಸಂಖ್ಯೆ ಇದೆಯೇ ನೋಡಿ. 'ಬಯೋ', 'ಇಕೋ', 'ಗ್ರೀನ್' ಎಂಬ ಶಬ್ದಗಳಿಗೆ ಬೆಲೆಯಿಲ್ಲ.

* ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರದ ಪ್ರತಿ ಕೇಳಿ ಪಡೆದು, ಬಿಲ್ಲಿನ ಜೊತೆ ಫೈಲಿನಲ್ಲಿಡಿ. ಪಾಲಿಕೆಯ ಪಥಕ ಬಂದಾಗ ಮಾರಾಟಗಾರ ನಮ್ಮ ಜೊತೆ ನಿಲ್ಲುವುದಿಲ್ಲ, ಈ ಕಾಗದ ಮಾತ್ರ ನಿಲ್ಲುತ್ತದೆ.

* ಬಿಲ್ಲಿಲ್ಲದ ಮಾಲು ಬೇಡ. ಪ್ರಮಾಣಪತ್ರದಲ್ಲಿರುವ ಕಂಪನಿಯೂ ಬಿಲ್ಲಿನ ಕಂಪನಿಯೂ ಬೇರೆಯಾಗಿದ್ದರೆ ಕಾರಣ ಕೇಳಿ.

* ಬಿಸಿಗೆ ಒಂದು, ತಣ್ಣಗಿನದಕ್ಕೆ ಒಂದು ಎಂದು ಬೇರೆ ಬೇರೆ ಮಾಲು ತನ್ನಿ. ಪಾರ್ಸೆಲ್ ಹುಡುಗರಿಗೆ ವ್ಯತ್ಯಾಸ ಹೇಳಿಕೊಡಿ.

* ಕಾಂಪೋಸ್ಟೇಬಲ್ ಮಾಲು ಹಳತಾದಷ್ಟು ದುರ್ಬಲ. ನಮ್ಮ ಮಳೆಗಾಲದ ತೇವದಲ್ಲಿ ಇನ್ನೂ ಬೇಗ. ವರ್ಷದ ಸ್ಟಾಕ್ ಒಮ್ಮೆಲೇ ತರಬೇಡಿ. ಒಣ ಜಾಗದಲ್ಲಿಡಿ.

* ಸ್ಟೀಲ್ ಡಬ್ಬಿ ತರುವ ಗಿರಾಕಿಗೆ ಒಂದು ಸೌಟು ಸಾಂಬಾರ್ ಹೆಚ್ಚು ಹಾಕಿ. ಅತಿ ಅಗ್ಗದ ಪರಿಹಾರ ಇದೇ.

ಬ್ಯಾಕ್ಟೀರಿಯಾ ಪ್ಲಾಸ್ಟಿಕ್ ತಯಾರಿಸುವುದು ನೂರಕ್ಕೆ ನೂರು ನಿಜ. ನಮ್ಮ ಮೈಸೂರಿನಲ್ಲೂ ಅದನ್ನು ಮಾಡಿ ತೋರಿಸಿದ್ದಾರೆ. ಬಿಸಿ ಸಾಂಬಾರನ್ನು ತಡೆದು, ಖಾಡಿಗೆ ಬಿದ್ದರೂ ಜೀರ್ಣವಾಗುವ ಚೀಲ ಒಂದು ದಿನ ನಮ್ಮ ಕೌಂಟರಿಗೆ ಬಂದೀತು. ಇಂದು ನಮ್ಮೆದುರು ಬರುವ ಮಾಲು ಬಹುತೇಕ ಅದಲ್ಲ. ಅಲ್ಲಿಯವರೆಗೆ ಚೀಲದ ಮೇಲಿನ ಸಣ್ಣ ಅಕ್ಷರ ಓದಿ, ಕಾಗದಪತ್ರ ನೋಡಿ ಕೊಳ್ಳೋಣ. ಒಂದು ಬೀದಿಯ ನಾಲ್ಕೈದು ಹೋಟೆಲಿನವರು ಸೇರಿ ಒಬ್ಬನೇ ಪ್ರಮಾಣಿತ ತಯಾರಕರಿಂದ ಒಟ್ಟಾಗಿ ತರಿಸಿಕೊಂಡರೆ ರೇಟೂ ಇಳಿಯುತ್ತದೆ, ಪ್ರಮಾಣಪತ್ರದ ಪ್ರತಿಯೂ ಎಲ್ಲರ ಕೈಗೆ ಬರುತ್ತದೆ. ಸದಸ್ಯರು ಈ ಬಗ್ಗೆ ಯೋಚಿಸಬೇಕಾಗಿ ವಿನಂತಿ.